ರೊಕ್ಕಕ್ಕಿಂತ ಮೊದಲು ಕೈ ಕೇಳಿ: ಶಾಲೆಯ ರೋಬೋಟ್ ತಂಡಕ್ಕೆ ಊರನ್ನು ಜೊತೆ ಮಾಡಿಕೊಳ್ಳುವ ಬಗೆ

ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಾಳೆ. ನಮ್ಮ ತಂಡಕ್ಕೂ ಊರಿಗೂ ನಂಟು ಬೆಳೆದದ್ದು ಅದರಿಂದ.

ನಾನು ಬೆಳಗಾವಿಯ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಎಂಟು ಮಕ್ಕಳ ರೋಬೋಟ್ ತಂಡವಿದೆ, ಫಸ್ಟ್ ಲೆಗೋ ಲೀಗ್‌ನ ಚಾಲೆಂಜ್ ವಿಭಾಗಕ್ಕೆ ತಯಾರಾಗುತ್ತೇವೆ. ಈ ಸ್ಪರ್ಧೆ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ದೇಶದಲ್ಲಿ ಇದು 9ರಿಂದ 16 ವರ್ಷದ ಮಕ್ಕಳಿಗೆ, ಒಂದು ತಂಡದಲ್ಲಿ ಹತ್ತು ಮಕ್ಕಳವರೆಗೆ ಇರಬಹುದು. ಲೆಗೋ ತುಣುಕುಗಳಿಂದಲೇ ಕಟ್ಟಿದ ರೋಬೋಟ್, ಎರಡೂವರೆ ನಿಮಿಷದೊಳಗೆ ಮೇಜಿನ ಮೇಲೆ ಹರಡಿರುವ ಕೆಲಸಗಳನ್ನು ತಾನೇ ಮುಗಿಸಬೇಕು. ಜನ ಚಪ್ಪಾಳೆ ತಟ್ಟುವುದು ಇದಕ್ಕೇ. ಆದರೆ ಇಷ್ಟೇ ತೂಕದ ಇನ್ನೊಂದು ಭಾಗವಿದೆ. ಆ ವರ್ಷದ ವಿಷಯಕ್ಕೆ ಹೊಂದುವ ನಿಜವಾದ ಸಮಸ್ಯೆಯೊಂದನ್ನು ಮಕ್ಕಳು ಹುಡುಕಬೇಕು, ಅದನ್ನು ಬಲ್ಲವರನ್ನು ಕಾಣಬೇಕು, ಪರಿಹಾರವೊಂದನ್ನು ಮಾಡಿ ಜನರ ಮುಂದಿಟ್ಟು, ಅವರು ಅಂದದ್ದನ್ನು ಕೇಳಿ ತಿದ್ದಬೇಕು. ಆಮೇಲೆ ಎಲ್ಲವನ್ನೂ ಅರ್ಧ ಗಂಟೆಯಲ್ಲಿ ತೀರ್ಪುಗಾರರಿಗೆ ಹೇಳಬೇಕು. ಊರಿನೊಡನೆ ಮಾತಾಡದ ತಂಡಕ್ಕೆ ಹೇಳಲು ಏನೂ ಇರುವುದಿಲ್ಲ.

ಮೊದಲ ವರ್ಷ ನಮಗೆ ಇದು ಅರ್ಥವಾಗಿರಲಿಲ್ಲ. ಊರೆಂದರೆ ದೇಣಿಗೆ ಕೊಡುವ ಜನ ಅಂದುಕೊಂಡಿದ್ದೆವು. ರಸೀದಿ ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ತಿರುಗಿದೆವು. ಗಣಪತಿ ಪಟ್ಟಿಗೆ ಕೊಡುವ ಹಾಗೆ 101 ರೂಪಾಯಿ, 51 ರೂಪಾಯಿ ಕೊಟ್ಟು, ಮುಖ ನೋಡದೆ ಕಳಿಸಿದರು. ಅವರ ತಪ್ಪಲ್ಲ. ನಾವು ಕೇಳಿದ್ದು ಅಷ್ಟನ್ನೇ.

ಮೇಜಿನ ವಿಷಯಕ್ಕೆ ಬಡಿಗತನದ ಕಾಕಾ ಒಬ್ಬರ ಹತ್ತಿರ ಹೋದಾಗ ಬೇರೆಯದೇ ನಡೆಯಿತು. ಸ್ಪರ್ಧೆಯ ಮೇಜಿನ ತಳಕ್ಕೆ ಎಂಟು ಅಡಿ, ನಾಲ್ಕು ಅಡಿಯ ಹಲಗೆ ಬೇಕು. ಸುತ್ತಲಿನ ಕಟ್ಟಿನ ಒಳಗೆ 93 ಇಂಚು ಉದ್ದ, 45 ಇಂಚು ಅಗಲ ಉಳಿಯಬೇಕು. ನಮ್ಮ ಒಂಬತ್ತನೇ ತರಗತಿಯ ಹುಡುಗಿ ಅಳತೆ ಬರೆದ ಹಾಳೆಯನ್ನು ಮುಂದಿಟ್ಟಳು. ಕಾಕಾ ಕನ್ನಡಕ ಏರಿಸಿಕೊಂಡು ನೋಡಿ, “ಇದು ಒಂದು ಇಡೀ ಶೀಟ್ ಆತಲ್ಲವಾ, ಕತ್ತರಸೂದೇ ಬ್ಯಾಡ. ಆದ್ರ ನಡಕ ಜೋಲು ಬೀಳ್ತೈತಿ, ಕೆಳಗ ಎರಡು ಪಟ್ಟಿ ಹೊಡೀಬೇಕು” ಅಂದರು. ಎರಡು ಸಂಜೆ ಕೂತು ಮಾಡಿದರು, ಕೂಲಿ ತೆಗೆದುಕೊಳ್ಳಲಿಲ್ಲ. ಮೂರನೇ ಸಂಜೆ ಅವರೇ ಶಾಲೆಗೆ ಬಂದರು, ತಮ್ಮ ಮೇಜಿನ ಮೇಲೆ ರೋಬೋಟ್ ಹೇಗೆ ಓಡುತ್ತದೆ ನೋಡಲು. ಅವತ್ತಿನಿಂದ ಅವರು ತಂಡದ ಮನುಷ್ಯ. 101 ರೂಪಾಯಿ ಕೊಟ್ಟವರಲ್ಲಿ ಒಬ್ಬರೂ ನೋಡಲು ಬಂದಿರಲಿಲ್ಲ.

ಈ ಆರು ವರ್ಷದಲ್ಲಿ ನಾನು ಕಲಿತದ್ದೆಲ್ಲ ಆ ಸಂಜೆಯಿಂದಲೇ ಬಂತು. ಮನುಷ್ಯನ ಹತ್ತಿರ ಮೊದಲು ಅವನ ಕೈಯಲ್ಲಿರುವ ವಿದ್ಯೆ ಕೇಳಬೇಕು. ಹಣ ಬೇಕೇ ಬೇಕು, ಅದರ ದಾರಿಯನ್ನೂ ಕೆಳಗೆ ಹೇಳಿದ್ದೇನೆ. ಆದರೆ ಸರದಿ ತಪ್ಪಿಸಬೇಡಿ.

ಮೊದಲ ವಾರ: ಯಾರ ಮನೆಯಲ್ಲಿ ಏನಿದೆ

ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ಕೂಡಲೇ, ಮಕ್ಕಳನ್ನು ನೆಲದ ಮೇಲೆ ಕೂರಿಸಿ ಒಂದು ದೊಡ್ಡ ಹಾಳೆ ಹರಡಿ. ಸ್ಪರ್ಧೆಯ ಹೊಸ ವಿಷಯ ಹೊರಬೀಳುವುದು ಆಗಸ್ಟ್‌ನಲ್ಲಿ. ಅದಕ್ಕೆ ಮೊದಲೇ ಈ ಕೆಲಸ ಮುಗಿದಿರಬೇಕು.

ಹಾಳೆಯಲ್ಲಿ ಪ್ರತಿ ಮಗುವೂ ಬರೆಯಬೇಕಾದದ್ದು: ನಮ್ಮ ಮನೆಯಲ್ಲಿ, ಓಣಿಯಲ್ಲಿ, ಬೀಗರಲ್ಲಿ ಯಾರ ಕೈಗೆ ಏನು ಬರುತ್ತದೆ? ಅವರ ಹತ್ತಿರ ಯಾವ ಸಾಮಾನಿದೆ? ಯಾವ ಹೊತ್ತಿಗೆ ಬಿಡುವಾಗಿ ಸಿಗುತ್ತಾರೆ? ಮೂರೇ ಪ್ರಶ್ನೆ. ಮಕ್ಕಳು ಮೊದಲು “ನಮ್ಮ ಅಪ್ಪ ಏನೂ ಅಲ್ಲರೀ ಅಕ್ಕೋರ, ಫೌಂಡ್ರಿಗೆ ಹೋಗ್ತಾರ” ಅನ್ನುತ್ತಾರೆ. ಅಲ್ಲೇ ತಡೆದು ಕೇಳಿ. ಫೌಂಡ್ರಿಯಲ್ಲಿ ಏನು ಮಾಡುತ್ತಾರೆ? ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಮಾಡುತ್ತಾರೋ, ಅಚ್ಚು ಹೂಡುತ್ತಾರೋ, ಎರಕದ ಒರಟು ತೆಗೆಯುವ ಫೆಟ್ಲಿಂಗ್‌ನಲ್ಲಿದ್ದಾರೋ? ಉದ್ಯಮಬಾಗದ ಫೌಂಡ್ರಿಗಳು, ಲೇಥ್ ಅಂಗಡಿಗಳು, ಹೈಡ್ರಾಲಿಕ್ಸ್ ಘಟಕಗಳು ಬೆಳಗಾವಿಯ ಅನ್ನ. ಪ್ಯಾಟರ್ನ್ ಮಾಡುವವರಿಗೆ ಅಳತೆಯ ಬಗ್ಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಕಾದ ಕಬ್ಬಿಣ ಆರಿದ ಮೇಲೆ ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಿ, ಅಷ್ಟು ದೊಡ್ಡದಾಗಿ ಪ್ಯಾಟರ್ನ್ ಕೆತ್ತುವ ಮನುಷ್ಯ ‘ಏನೂ ಅಲ್ಲ’ ಹೇಗಾಗುತ್ತಾನೆ? ಈ ಮಾತನ್ನು ತರಗತಿಯಲ್ಲಿ ಹೇಳಿದ ದಿನ ಆ ಹುಡುಗ ತಲೆ ಎತ್ತಿ ಕೂತ. ಅದೇ ವಾರ ಅವನ ಅಪ್ಪ ಶಾಲೆಗೆ ಬಂದರು, ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡು.

ಒಂದು ಗಂಟೆಯಲ್ಲಿ ನಮ್ಮ ಹಾಳೆಯ ಮೇಲೆ 31 ಹೆಸರು ಬಂದವು. ವಿದ್ಯುತ್ ಲೈನಿನ ಕೆಲಸ ಮಾಡಿ ನಿವೃತ್ತರಾದ ಮಾಮಾ, ಪವರ್‌ಲೂಮ್ ಇಟ್ಟುಕೊಂಡ ಚಿಕ್ಕಮ್ಮ, ಟೆಂಪೋ ಓಡಿಸುವವರು, ಫ್ಲೆಕ್ಸ್ ಅಂಗಡಿಯವರು, ಇಂಜಿನಿಯರಿಂಗ್ ಓದುತ್ತಿರುವ ಅಕ್ಕ, ರವಿವಾರ ಖಾಲಿ ಇರುವ ಮಂಗಲ ಕಾರ್ಯಾಲಯದ ಕೀಲಿ ಇಟ್ಟುಕೊಂಡ ಅಜ್ಜ.

ಇನ್ನೊಂದು ಹಾಳೆಯಲ್ಲಿ ತಂಡಕ್ಕೆ ಬೇಕಾದದ್ದನ್ನು ಬರೆಯಿರಿ, ಆದರೆ ಪುಡಿ ಮಾಡಿ ಬರೆಯಿರಿ. ‘ಒಂದು ಲಕ್ಷ ಬೇಕು’ ಎಂದು ಬರೆದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ‘ಮೇಜು ಹೊತ್ತೊಯ್ಯಲು ಒಂದು ದಿನದ ಟೆಂಪೋ’, ‘ಪ್ರೋಗ್ರಾಮಿನಲ್ಲಿ ಲೂಪ್ ಎಂದರೇನು ಎಂದು ಹೇಳಿಕೊಡಲು ಮೂರು ಶನಿವಾರ’, ‘ಎಂಟು ಟೀ ಶರ್ಟಿನ ಮೇಲೆ ಹೆಸರು’, ‘ರಜೆಯಲ್ಲಿ ಅಭ್ಯಾಸಕ್ಕೆ ಒಂದು ಕೋಣೆ’ ಎಂದು ಬರೆದರೆ, ಎರಡೂ ಹಾಳೆ ಪಕ್ಕಪಕ್ಕ ಇಟ್ಟಾಗ ಮಕ್ಕಳೇ ಗೆರೆ ಎಳೆದು ಜೋಡಿಸುತ್ತಾರೆ.

ಒಂದು ಹಾಳೆಯ ಪತ್ರ

ಶಾಲೆಯ ಲೆಟರ್‌ಹೆಡ್, ಮುಖ್ಯೋಪಾಧ್ಯಾಯರ ಸಹಿ, ಮೊಹರು. ಇವು ಇಲ್ಲದೆ ಮಕ್ಕಳನ್ನು ಯಾರ ಬಾಗಿಲಿಗೂ ಕಳಿಸಬೇಡಿ. ಪತ್ರ ಒಂದು ಹಾಳೆ ದಾಟಬಾರದು. ನಮ್ಮ ಪತ್ರ ಹೀಗಿದೆ, ಬೇಕಾದರೆ ಬಳಸಿಕೊಳ್ಳಿ:

“ಮಾನ್ಯರೇ, ನಾವು ಎಂಟು ಮಕ್ಕಳು ರೋಬೋಟ್ ಕಟ್ಟಿ ಸ್ಪರ್ಧೆಗೆ ಹೋಗುತ್ತಿದ್ದೇವೆ. ನೀವು ಲೇಥ್ ಕೆಲಸದಲ್ಲಿ ಪಳಗಿದವರೆಂದು ಕೇಳಿ ನಿಮ್ಮ ಬಳಿ ಬಂದಿದ್ದೇವೆ. ನಮ್ಮ ಯೋಜನೆಗೆ 40 ಮಿಲಿಮೀಟರ್ ಉದ್ದದ ಎರಡು ಬ್ರ್ಯಾಕೆಟ್ ಬೇಕಾಗಿವೆ, ಚಿತ್ರ ಹಿಂದೆ ಇದೆ. ನಮ್ಮ ಚಿತ್ರದಲ್ಲಿ ತಪ್ಪಿದ್ದರೆ ತಿದ್ದಿಕೊಡಿ. ಶನಿವಾರ ಮಧ್ಯಾಹ್ನ ನಮ್ಮ ಶಾಲೆಗೆ ಬಂದು ರೋಬೋಟ್ ನೋಡಬೇಕೆಂದು ಕೋರುತ್ತೇವೆ. ನೀವು ಮಾಡಿದ ಸಹಾಯವನ್ನು ನಮ್ಮ ವಹಿಯಲ್ಲಿ ಬರೆದು, ಸ್ಪರ್ಧೆ ಮುಗಿದ ಎಂಟು ದಿನದೊಳಗೆ ನಿಮಗೆ ಸುದ್ದಿ ಮುಟ್ಟಿಸುತ್ತೇವೆ.”

ಕೆಳಗೆ ಎಂಟೂ ಮಕ್ಕಳ ಸಹಿ ಮತ್ತು ಶಾಲೆಯ ದೂರವಾಣಿ. ಮಕ್ಕಳ ಮನೆಯ ನಂಬರು ಹಾಕಬೇಡಿ. ಯಾರಿಗೆ ಕೊಡುತ್ತೀರೋ ಅವರ ಕಸುಬಿನ ಸಾಲನ್ನು ಪ್ರತಿ ಸಲವೂ ಹೊಸದಾಗಿ ಬರೆಯಿರಿ. ಒಂದೇ ಪತ್ರದ ಐವತ್ತು ಜೆರಾಕ್ಸ್ ಹಂಚಿದರೆ, ಓದುವವರಿಗೆ ತಾವು ಐವತ್ತರಲ್ಲಿ ಒಬ್ಬರೆಂದು ತಕ್ಷಣ ಗೊತ್ತಾಗುತ್ತದೆ. ನಮ್ಮೂರಲ್ಲಿ ಮರಾಠಿ ಮನೆಮಾತಿನ ಅಂಗಡಿಕಾರರು ಬಹಳ. ಅವರಿಗೆ ಹಾಳೆಯ ಹಿಂಬದಿಯಲ್ಲಿ ಮರಾಠಿಯಲ್ಲೂ ಬರೆಯುತ್ತೇವೆ, ಅದು ನಮ್ಮ ತಂಡದ ಮರಾಠಿ ಮನೆಯ ಹುಡುಗನ ಕೆಲಸ. ಅವನು “ಕಾಕಾ, ನಮಸ್ಕಾರ” ಎಂದು ಮರಾಠಿಯಲ್ಲಿ ಮಾತು ತೆಗೆದ ಕೂಡಲೇ ಕುರ್ಚಿ ಬರುತ್ತದೆ.

ಹೋಗುವ ರೀತಿ

ಹೊತ್ತು ನೋಡಿ ಹೋಗಿ. ಮಾಲು ಹೊರಡುವ ದಿನ, ಪಗಾರದ ದಿನ, ಫೌಂಡ್ರಿಯಲ್ಲಿ ಲೋಹ ಸುರಿಯುವ ಹೊತ್ತು, ಈ ಮೂರೂ ಬೇಡ. ವಾರದ ರಜೆ ಯಾವತ್ತೆಂದು ಮೊದಲೇ ಕೇಳಿಕೊಳ್ಳಿ. ಒಮ್ಮೆ ನಾನು ವಿಚಾರಿಸದೆ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದೂವರೆ ತಾಸು ಬಿಸಿಲಲ್ಲಿ ನಿಲ್ಲಿಸಿದ್ದೆ. ಮಕ್ಕಳ ಉತ್ಸಾಹ ಅಲ್ಲೇ ಅರ್ಧ ಕರಗಿತು, ಅದನ್ನು ಮತ್ತೆ ಕೂಡಿಸಲು ತಿಂಗಳು ಹಿಡಿಯಿತು.

ಮೂವರು ಮಕ್ಕಳು ಸಾಕು, ಜೊತೆಗೆ ಒಬ್ಬ ಶಿಕ್ಷಕರು ಕಡ್ಡಾಯ. ಮನೆಯವರಿಂದ ಒಪ್ಪಿಗೆ ಪತ್ರ ಬರೆಸಿಕೊಂಡಿರಬೇಕು. ವರ್ಕ್‌ಶಾಪಿನೊಳಗೆ ಹೋಗುವುದಾದರೆ ಬೂಟು, ಕಟ್ಟಿದ ಕೂದಲು, ಓಡಣಿ ಗಂಟು ಹಾಕಿರಬೇಕು. ತಿರುಗುವ ಯಂತ್ರದ ಹತ್ತಿರ ಮಕ್ಕಳ ಕೈ ಹೋಗಕೂಡದು. ಈ ಕಟ್ಟಳೆಯಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ರೋಬೋಟನ್ನು ತೆಗೆದುಕೊಂಡೇ ಹೋಗಿ. ಫೋಟೋ, ವಿಡಿಯೋ ತೋರಿಸಿದರೆ ಜನ “ಹೂಂ, ಚಲೋ” ಅಂದು ಬಿಡುತ್ತಾರೆ. ಅದೇ ವರ್ಕ್‌ಬೆಂಚಿನ ಮೇಲೆ ಒಂದು ಪುಟ್ಟ ರೋಬೋಟ್ ಕಪ್ಪು ಗೆರೆ ಹಿಡಿದು ಓಡಿ, ಅಂಚಿಗೆ ಬಂದು ನಿಂತರೆ, ಲೇಥಿನವರು ಕೆಲಸ ಬಿಟ್ಟು ಬಂದು ಬಗ್ಗಿ ನೋಡುತ್ತಾರೆ. “ಇದಕ್ಕ ಹೆಂಗ ಗೊತ್ತಾತು ಅಂಚು ಬಂತಂತ?” ಎಂಬ ಪ್ರಶ್ನೆ ಬಂದರೆ ಅರ್ಧ ಕೆಲಸ ಆಯಿತು.

ಮಾತು ಮಕ್ಕಳದ್ದೇ ಆಗಲಿ. ಶಿಕ್ಷಕರಿಗೆ ಇದು ಕಷ್ಟ, ನನಗೂ ಕಷ್ಟವಾಗಿತ್ತು. ಹುಡುಗಿ ತಡವರಿಸಿದಾಗ ನಾನು ನಡುವೆ ಬಾಯಿ ಹಾಕಿದೆ. ಅಂಗಡಿಯ ಯಜಮಾನರು ಕೈ ಎತ್ತಿ, “ಅಕ್ಕೋರ, ನೀವು ಸುಮ್ಮನ ಕೂಡ್ರಿ, ಆಕಿ ಹೇಳ್ತಾಳ” ಅಂದರು. ಆಕೆ ಹೇಳಿದಳು. ಎರಡು ನಿಮಿಷ ಹಿಡಿಯಿತು, ಆದರೆ ಸರಿಯಾಗಿ ಹೇಳಿದಳು. ಆಗ ಯಜಮಾನರು ಕೇಳಿದ್ದು, “ಅರ್ಧ ಮಿಲಿ ಹೆಚ್ಚುಕಮ್ಮಿ ಆದ್ರ ನಡೀತೈತೇನು?” ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಟಾಲರೆನ್ಸ್ ಎಂಬ ಪದ ನಮ್ಮ ತಂಡಕ್ಕೆ ಬಂದದ್ದು ಆ ಬೆಂಚಿನ ಮುಂದೆ.

ಮಗ್ಗದ ಮನೆಯಲ್ಲಿ ಕಲಿತದ್ದು

ಊರು ಜೊತೆಯಾಗುವುದು ಎಂದರೇನು ಎಂದು ನನಗೆ ಪೂರ್ತಿ ಅರ್ಥವಾದದ್ದು 2022-23ರ ಸೀಸನ್‌ನಲ್ಲಿ. ಆ ವರ್ಷದ ವಿಷಯ ಶಕ್ತಿ, ‘ಸೂಪರ್‌ಪವರ್ಡ್’ ಎಂದು ಹೆಸರು. ನಮ್ಮ ಮಕ್ಕಳಲ್ಲಿ ಮೂವರ ಮನೆ ವಡಗಾವಿ, ಖಾಸಬಾಗದ ಕಡೆ. ಅಲ್ಲಿನ ಓಣಿಗಳಲ್ಲಿ ಹಗಲಿಡೀ ಪವರ್‌ಲೂಮ್‌ಗಳ ಸಪ್ಪಳ. ಒಬ್ಬ ಹುಡುಗಿಯ ಚಿಕ್ಕಮ್ಮನ ಶೆಡ್ಡಿನಲ್ಲಿ ಆರು ಮಗ್ಗ. ಮಕ್ಕಳು ಅಲ್ಲಿ ನೋಡಿದ್ದು: ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ, ಆದರೆ ಮೋಟಾರು ತಿರುಗುತ್ತಲೇ ಇರುತ್ತದೆ. ಸುಮ್ಮನೆ ಕರೆಂಟ್ ಪೋಲು! ತಮ್ಮ ಸಮಸ್ಯೆ ಸಿಕ್ಕಿತೆಂದು ಕುಣಿದರು.

ನಿವೃತ್ತ ಲೈನ್‌ಮನ್ ಮಾಮಾ ಕ್ಲಾಂಪ್ ಮೀಟರ್ ತಂದು, ತಾವೇ ಹಿಡಿದು ಅಳೆದು ತೋರಿಸಿದರು. ಮಗ್ಗ ನಿಂತಾಗಲೂ ಮೋಟಾರು, ಓಡುವಾಗಿನ ಆಂಪಿಯರ್‌ನ ಅರ್ಧಕ್ಕಿಂತ ಹೆಚ್ಚು ಎಳೆಯುತ್ತಿತ್ತು. ಮಕ್ಕಳು ಅದನ್ನು 230 ವೋಲ್ಟಿನಿಂದ ಗುಣಿಸಿ, ಆರು ಮಗ್ಗ, 25 ದಿನ ಎಂದು ಲೆಕ್ಕ ಹಾಕಿ, ದೊಡ್ಡದೊಂದು ಉಳಿತಾಯದ ಅಂಕಿ ಬರೆದುಬಿಟ್ಟರು. ಮಾಮಾ ಹಾಳೆ ನೋಡಿ ತಲೆ ಅಲ್ಲಾಡಿಸಿದರು. “ಆಂಪಿಯರ್ ಎಳದಷ್ಟೂ ಯೂನಿಟ್ ಓಡೂದಿಲ್ಲವಾ. ಹೊರೆ ಇಲ್ಲದ ಮೋಟಾರು ಕರೆಂಟ್ ಎಳೀತೈತಿ, ಆದ್ರ ಅದರಾಗ ಬಹಳಷ್ಟು ತಿರುಗಿ ಕೊಡ್ತೈತಿ.” ಪವರ್ ಫ್ಯಾಕ್ಟರ್ ಅನ್ನುವುದನ್ನು ಅಂದು ಅವರು ಸೈಕಲ್ ಪೆಡಲ್ಲಿನ ಉದಾಹರಣೆಯಿಂದ ವಿವರಿಸಿದರು. ನಿಜವಾದ ಉಳಿತಾಯ ಮಕ್ಕಳು ಬರೆದದ್ದಕ್ಕಿಂತ ತೀರ ಕಡಿಮೆ. ಒಬ್ಬ ಹುಡುಗ ಅತ್ತ. ಆ ತಪ್ಪು ಅಂಕಿಯನ್ನು ಹೊತ್ತು ತೀರ್ಪುಗಾರರ ಮುಂದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ನನಗೆ ಆ ಮಾಮಾನ ಮೇಲೆ ಕೃತಜ್ಞತೆ ಉಕ್ಕುತ್ತದೆ. ಹತ್ತು ಸಾವಿರ ರೂಪಾಯಿ ಕೊಟ್ಟವರು ಆ ಕೆಲಸ ಮಾಡುತ್ತಿರಲಿಲ್ಲ.

ಮಕ್ಕಳು ಪೆಚ್ಚಾಗಿ ಚಿಕ್ಕಮ್ಮನ ಬಳಿ ಹೋಗಿ ನಡೆದದ್ದನ್ನು ಹೇಳಿದರು. ಆಕೆ ಅಂದದ್ದು: “ಕರೆಂಟಿಂದು ಇರ್ಲಿ ಬಿಡ್ರೇ. ಆರು ಮಗ್ಗ ನಾ ಒಬ್ಬಾಕಿ ನೋಡ್ತೀನಿ. ಯಾವುದು ನಿಂತೈತಿ ಅಂತ ಈ ಸಪ್ಪಳದಾಗ ತಿಳಿಯೂದಿಲ್ಲ. ಅಷ್ಟು ಗೊತ್ತಾದ್ರ ಸಾಕು.” ನಿಜವಾದ ಸಮಸ್ಯೆ ಅದು. ಮಗ್ಗ ನಿಂತಷ್ಟು ಹೊತ್ತೂ ಬಟ್ಟೆ ಇಲ್ಲ, ಬಟ್ಟೆ ಇಲ್ಲದಿದ್ದರೆ ಕೂಲಿ ಇಲ್ಲ.

ಮೊದಲು ಮಕ್ಕಳು ಬಜರ್ ಇಟ್ಟರು. ಶೆಡ್ಡಿನೊಳಗೆ ಅದು ಯಾರಿಗೂ ಕೇಳಲಿಲ್ಲ. ಮೇಲೆ ಎತ್ತರದಲ್ಲಿ ಕೆಂಪು ದೀಪ ಇಡಲು ಚಿಕ್ಕಮ್ಮನೇ ಹೇಳಿದರು. ಮಗ್ಗದ ಕ್ರ್ಯಾಂಕ್ ಶಾಫ್ಟಿಗೆ ಒಂದು ಪುಟ್ಟ ಆಯಸ್ಕಾಂತ, ಪಕ್ಕದಲ್ಲಿ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್, ಅದಕ್ಕೊಂದು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು. ಶಾಫ್ಟು ಕೆಲವು ಸೆಕೆಂಡು ತಿರುಗದಿದ್ದರೆ ದೀಪ ಹತ್ತುತ್ತದೆ. ಎಲ್ಲವೂ ಐದು ವೋಲ್ಟಿನಲ್ಲಿ, ಮಗ್ಗದ ವೈರಿಂಗನ್ನು ಮುಟ್ಟುವ ಮಾತೇ ಇಲ್ಲ. ಸೆನ್ಸರ್ ಹಿಡಿಯುವ ಬ್ರ್ಯಾಕೆಟ್ ಉದ್ಯಮಬಾಗದ ಲೇಥ್ ಅಂಗಡಿಯಿಂದ ಬಂತು. ಹೀಗೆ ಒಂದು ಪುಟ್ಟ ದೀಪದ ಹಿಂದೆ ಲೈನ್‌ಮನ್, ನೇಕಾರರು, ಲೇಥ್ ಕಾಕಾ ಮೂವರೂ ಸೇರಿದರು. ಅವರು ಅದಕ್ಕೆ ಮೊದಲು ಒಬ್ಬರಿಗೊಬ್ಬರು ಪರಿಚಯವಿರಲಿಲ್ಲ.

ಆದ್ದರಿಂದ ಹೇಳುತ್ತೇನೆ: ನಿಮ್ಮ ಯೋಜನೆಯ ವಿಷಯವನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಶಾಲೆಯಿಂದ ಎರಡು ಕಿಲೋಮೀಟರ್ ಒಳಗೆ ಹುಡುಕಿ. ನಡೆದು ಹೋಗಿ ಮತ್ತೆ ಮತ್ತೆ ತೋರಿಸಬಲ್ಲಷ್ಟು ಹತ್ತಿರ ಇರಬೇಕು. ನಾವು ಆ ಶೆಡ್ಡಿಗೆ ಹನ್ನೊಂದು ಸಲ ಹೋದೆವು.

ದೊಡ್ಡವರ ಕೈ ಎಲ್ಲಿ ನಿಲ್ಲಬೇಕು

ಸಹಾಯಕ್ಕೆ ಬಂದವರು ಪ್ರೀತಿಯಿಂದ ಇಡೀ ಕೆಲಸವನ್ನೇ ಮಾಡಿಬಿಡುತ್ತಾರೆ. ಮೊದಲ ಬ್ರ್ಯಾಕೆಟನ್ನು ಲೇಥ್ ಕಾಕಾ ಹತ್ತು ನಿಮಿಷದಲ್ಲಿ ತಾವೇ ಅಂದಾಜು ಮಾಡಿ ಮಾಡಿಕೊಟ್ಟರು, ಚೆನ್ನಾಗಿಯೂ ಇತ್ತು. ಮಕ್ಕಳಿಗೆ ಅದು ಯಾಕೆ ಹಾಗಿದೆ ಎಂದು ಹೇಳಲು ಬರಲಿಲ್ಲ. ಈ ಸ್ಪರ್ಧೆಯಲ್ಲಿ ರೋಬೋಟಿನ ವಿನ್ಯಾಸ, ಪ್ರೋಗ್ರಾಮು, ಯೋಜನೆಯ ವಿಚಾರ ಎಲ್ಲವೂ ಮಕ್ಕಳದ್ದೇ ಆಗಿರಬೇಕು. ಅದನ್ನು ಬಂದವರಿಗೆ ಮೊದಲ ದಿನವೇ ಗೌರವದಿಂದ ತಿಳಿಸಿ. ನಾವು ಹೇಳುವುದು ಇಷ್ಟೇ: “ಕಾಕಾ, ಯಂತ್ರ ನೀವು ನಡಸ್ರಿ, ಅಳತಿ ನಾವು ಹೇಳ್ತೀವಿ. ತಪ್ಪಾದ್ರ ಯಾಕ ತಪ್ಪು ಅಂತ ಕೇಳ್ರಿ, ಉತ್ತರ ಮಾತ್ರ ಹೇಳಬ್ಯಾಡ್ರಿ.” ಎರಡನೇ ಬ್ರ್ಯಾಕೆಟಿಗೆ ಮೂರು ಭೇಟಿ ಬೇಕಾಯಿತು. ಅದನ್ನು ಮಕ್ಕಳು ಕಣ್ಣು ಮುಚ್ಚಿ ಬಿಡಿಸಬಲ್ಲರು.

ಪ್ರೋಗ್ರಾಮಿಂಗಿಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇರುವ ಊರು ನಮ್ಮದು, ಕಾಲೇಜುಗಳಿಗೆ ಕೊರತೆಯಿಲ್ಲ. ಬಹಳ ಶಿಕ್ಷಕರಿಗೆ ತಿಳಿಯದ ವಿಷಯವೊಂದಿದೆ: ನಾಲ್ಕು ವರ್ಷದ ಇಂಜಿನಿಯರಿಂಗ್ ಓದುವವರು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಚಟುವಟಿಕೆ ಅಂಕಗಳೆಂದು ಸಮುದಾಯದ ಕೆಲಸದಿಂದ 100 ಅಂಕ ಗಳಿಸಬೇಕು. ಅವರ ಕಾಲೇಜಿನ ಸಂಯೋಜಕರನ್ನು ಕಂಡು, ಶಾಲೆಯಲ್ಲಿ ಕಲಿಸಿದ ಗಂಟೆಗಳು ಅದಕ್ಕೆ ಸೇರುತ್ತವೆಯೇ ಎಂದು ಕೇಳಿ. ಸೇರುವುದಾದರೆ ಹಾಜರಿ ಪುಸ್ತಕ ಇಟ್ಟು, ಮುಖ್ಯೋಪಾಧ್ಯಾಯರಿಂದ ಪ್ರಮಾಣಪತ್ರ ಕೊಡಿಸಿ. ಅವರಿಗೂ ಉಪಕಾರ, ನಮಗೂ. ಸೆಮಿಸ್ಟರ್ ಪರೀಕ್ಷೆ ಬಂದರೆ ಅವರು ಕಾಣುವುದಿಲ್ಲ, ಅದು ಸಹಜ. ಬೇರೆ ಬೇರೆ ಕಾಲೇಜಿನ ಇಬ್ಬರನ್ನು ಜೋಡಿ ಮಾಡಿದರೆ ಒಬ್ಬರಾದರೂ ಸಿಗುತ್ತಾರೆ.

ಬೇರೆ ಶಾಲೆಗಳನ್ನೂ ಮರೆಯಬೇಡಿ. ಈ ಸ್ಪರ್ಧೆಯ ಹಿಂದಿರುವ, 1989ರಲ್ಲಿ ಅಮೆರಿಕದ ಸಂಶೋಧಕ ಡೀನ್ ಕೇಮನ್ ಕಟ್ಟಿದ ಫಸ್ಟ್ ಸಂಸ್ಥೆಯಲ್ಲಿ, ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಬೆಳೆಸಿದ ನಡತೆಯೊಂದಿದೆ: ಗಟ್ಟಿಯಾಗಿ ಸ್ಪರ್ಧಿಸು, ಎದುರಿನವನಿಗೆ ಕೈಯನ್ನೂ ಕೊಡು. ನಾನು ಇದನ್ನು ನಂಬಿಯೇ ನಮ್ಮೂರಿನ ದೊಡ್ಡ ಶಾಲೆಯೊಂದಕ್ಕೆ ಹೋದೆ. ಲೆಗೋ ಕಂಪನಿ 2021ರಲ್ಲಿ ಇವಿ3 ಎಂಬ ರೋಬೋಟ್ ಕಿಟ್ ನಿಲ್ಲಿಸಿದ ಮೇಲೆ ಅವರು ಸ್ಪೈಕ್ ಪ್ರೈಮ್ ಎಂಬ ಹೊಸ ಕಿಟ್ ಕೊಂಡಿದ್ದರು, ಹಳೆಯ ಎರಡು ಕಿಟ್ ಕಪಾಟಿನಲ್ಲಿತ್ತು. ತುಣುಕುಗಳ ಪಟ್ಟಿ ಮಾಡಿ, ಸಹಿ ಹಾಕಿ, ಒಂದು ವರ್ಷಕ್ಕೆ ಎರವಲು ತಂದೆವು. ಪ್ರತಿಯಾಗಿ ನಮ್ಮ ಮೇಜಿನ ಮೇಲೆ ರವಿವಾರ ಅವರ ತಂಡ ಅಭ್ಯಾಸ ಮಾಡಿತು. ಬಡಿಗ ಕಾಕಾನ ಮೇಜು ಅವರ ಮೇಜಿಗಿಂತ ಸಮವಾಗಿತ್ತು.

ಹಣದ ಮಾತು

ನಮ್ಮ ಶಾಲೆಗೆ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಬಂದದ್ದು 2018ರಲ್ಲಿ. ಆ ಯೋಜನೆಯಲ್ಲಿ ಲ್ಯಾಬ್ ಕಟ್ಟಲು 10 ಲಕ್ಷ, ನಡೆಸಲು ಐದು ವರ್ಷಕ್ಕೆ 10 ಲಕ್ಷದವರೆಗೆ ಅನುದಾನ. ಐದು ವರ್ಷ ಮುಗಿಯುವ ಹೊತ್ತಿಗೆ ಊರಿನ ನಂಟು ಇಲ್ಲದಿದ್ದರೆ ತ್ರೀಡಿ ಪ್ರಿಂಟರಿಗೆ ಫಿಲಮೆಂಟ್ ತರಲೂ ದುಡ್ಡಿರುವುದಿಲ್ಲ. ಆದ್ದರಿಂದ ಅನುದಾನ ಇರುವಾಗಲೇ ನಂಟು ಬೆಳೆಸಿ.

‘ಸಿಎಸ್‌ಆರ್ ಫಂಡ್ ಕೇಳಿ’ ಎಂದು ಎಲ್ಲರೂ ಹೇಳುತ್ತಾರೆ. ಅದು ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆಂದು ಖರ್ಚು ಮಾಡಲೇಬೇಕಾದ ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಆ ಹೊಣೆ ಇರುವುದು 500 ಕೋಟಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಇಲ್ಲವೇ ದಾಟಿದ ಕಂಪನಿಗಳಿಗೆ ಮಾತ್ರ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಅವು ಖರ್ಚು ಮಾಡಬೇಕು. ಇಪ್ಪತ್ತು ಜನ ದುಡಿಯುವ ಫೌಂಡ್ರಿಯ ಯಜಮಾನರ ಮುಂದೆ ನಿಂತು ಸಿಎಸ್‌ಆರ್ ಎಂದರೆ ಅವರಿಗೆ ಮುಜುಗರ. ಅವರು ಕೊಡುವುದು ಸ್ವಂತ ಜೇಬಿನಿಂದ, ಆ ಗೌರವದಿಂದಲೇ ಕೇಳಿ. ದೊಡ್ಡ ಕಂಪನಿಯ ಹಣ ಬೇರೆ ಸಂಸ್ಥೆಯ ಮೂಲಕ ಬರುವುದಾದರೆ ಆ ಟ್ರಸ್ಟು, ಸೊಸೈಟಿ ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿ ಮಾಡಿಸಿರಬೇಕು. ಶಾಲೆಯ ಆಡಳಿತ ಮಂಡಳಿಯನ್ನು ಮೊದಲೇ ವಿಚಾರಿಸಿ. ಕೇಳುವ ಕಾಲ ಏಪ್ರಿಲ್‌ನಿಂದ ಜೂನ್, ಮಾರ್ಚ್ ಕೊನೆಯ ವಾರವಲ್ಲ.

ಮಂಡಳಿಗೆ ದಾನದ ಮೇಲೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (80ಜಿ ಎಂದು ಹೆಸರಾದದ್ದು) ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ರಿಯಾಯಿತಿ ಸಿಗುತ್ತದೆ. 2,000 ರೂಪಾಯಿ ದಾಟಿದ ನಗದಿಗೆ ಅದು ಸಿಗುವುದಿಲ್ಲ, ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಕೊಡಲು ಹೇಳಿ. ನನ್ನ ಅಥವಾ ಯಾವ ಶಿಕ್ಷಕರ ಫೋನಿನ ಖಾತೆಗೂ ಒಂದು ರೂಪಾಯಿ ಬರಬಾರದು. ಶಾಲೆಯ ಖಾತೆ, ಶಾಲೆಯ ರಸೀದಿ. ಲೆಕ್ಕದ ಪುಸ್ತಕವನ್ನು ಇಬ್ಬರು ಮಕ್ಕಳು ಬರೆಯಲಿ, ಲ್ಯಾಬಿನ ಬಾಗಿಲಿಗೆ ಪ್ರತಿ ತಿಂಗಳು ಅಂಟಿಸಲಿ.

ಒಂದು ವರ್ಷ ಒಬ್ಬ ಉದ್ಯಮಿ ವೇದಿಕೆಯ ಮೇಲೆ ದೊಡ್ಡ ಮೊತ್ತ ಘೋಷಿಸಿದರು. ಫೋಟೋ ಪೇಪರಿನಲ್ಲೂ ಬಂತು. ನಾವು ಅದನ್ನು ನಂಬಿ ರೈಲಿನ ಟಿಕೆಟ್ಟು, ವಸತಿ ಎಲ್ಲ ಮಾಡಿದೆವು. ಹಣ ಬರಲಿಲ್ಲ. ಪೋಷಕರು ಕೂಡಿ ತುಂಬಿದರು, ಅದರಲ್ಲಿ ಒಬ್ಬ ತಾಯಿ ಬಚತ್ ಗಟ್ಟಿನಿಂದ (ಮಹಿಳೆಯರ ಉಳಿತಾಯದ ಗುಂಪು) ಸಾಲ ತೆಗೆದಿದ್ದಳೆಂದು ನನಗೆ ಗೊತ್ತಾದದ್ದು ಆಮೇಲೆ. ಆ ನೋವು ನನಗೆ ಇನ್ನೂ ಇದೆ. ಖಾತೆಗೆ ಬಿದ್ದ ಹಣವನ್ನಷ್ಟೇ ಹಣ ಎಂದು ಬರೆಯಿರಿ.

ಬೇಡ ಎನ್ನಲೂ ಕಲಿಯಿರಿ. ಮಕ್ಕಳ ಫೋಟೋವನ್ನು ತನ್ನ ಹೋರ್ಡಿಂಗಿಗೆ ಕೇಳಿದ ಟ್ಯೂಷನ್ ಕ್ಲಾಸಿನ ಹಣ ನಾವು ಮರಳಿಸಿದೆವು. ಅವರು ಆ ಮಕ್ಕಳಿಗೆ ಒಂದಕ್ಷರ ಕಲಿಸಿರಲಿಲ್ಲ. ಚುನಾವಣೆಯ ಮುಖಗಳಿರುವ ಬ್ಯಾನರನ್ನೂ ತಂಡದ ಹಿಂದೆ ಕಟ್ಟುವುದಿಲ್ಲ.

ಸುದ್ದಿ ಮುಟ್ಟಿಸುವುದು

ಆ ಮಗ್ಗದ ವರ್ಷ ನಾವು ಗೆಲ್ಲಲಿಲ್ಲ. ರೋಬೋಟ್ ಎರಡನೇ ಸುತ್ತಿನಲ್ಲಿ ಮೂಲೆಗೆ ಸಿಕ್ಕಿಹಾಕಿಕೊಂಡಿತು. ಹಿಂದಿರುಗಿದ ಮೇಲೆ ಮಕ್ಕಳಿಗೆ ಯಾರ ಮುಖ ನೋಡಲೂ ಮನಸ್ಸಿರಲಿಲ್ಲ. ಆದರೂ ಪತ್ರದಲ್ಲಿ ಎಂಟು ದಿನ ಎಂದು ಬರೆದಿದ್ದೆವು, ಹೋಗಲೇಬೇಕಿತ್ತು. ಲೇಥ್ ಕಾಕಾ ಕೇಳಿದ್ದು “ಗೆದ್ದಿರೇನು?” ಎಂದಲ್ಲ. “ನಮ್ಮ ಬ್ರ್ಯಾಕೆಟ್ ಗಟ್ಟಿ ನಿಂತಿತ್ತಿಲ್ಲೋ?” ನಿಂತಿತ್ತು. “ಮತ್ತೇನು ಹಂಗಾರ!” ಎಂದು ಚಹಾ ತರಿಸಿದರು.

ಗೆದ್ದಾಗ ಎಲ್ಲರೂ ಹೋಗುತ್ತಾರೆ. ಸೋತ ಮೇಲೆ ಹೋಗುವ ಭೇಟಿಯೇ ಮುಂದಿನ ವರ್ಷದ ಬಾಗಿಲು ತೆರೆಯುತ್ತದೆ ಎಂಬುದು ನನ್ನ ಅನುಭವ. ಹೋಗುವಾಗ ಒಂದು ಹಾಳೆ ಕೊಡಿ: ಏನು ಮಾಡಿದೆವು, ನಿಮ್ಮ ಸಹಾಯ ಯಾವ ಜಾಗದಲ್ಲಿ ಕೂತಿತು, ಏನು ಕೆಟ್ಟಿತು, ಎಷ್ಟು ಖರ್ಚಾಯಿತು. ಪ್ರಶಸ್ತಿ ಫಲಕಕ್ಕೆ ದುಡ್ಡು ಹಾಕಬೇಡಿ. ಬಡಿಗ ಕಾಕಾನ ಅಂಗಡಿಯಲ್ಲಿ ನಾವು ಕೊಟ್ಟದ್ದು ಮೇಜಿನ ಮೇಲೆ ರೋಬೋಟ್ ಓಡುತ್ತಿರುವ ಒಂದು ಫೋಟೋ, ಕಟ್ಟು ಹಾಕಿಸಿ. ಗಿರಾಕಿಗಳಿಗೆ ಅವರು ಅದನ್ನು ತೋರಿಸುತ್ತಾರೆ. ಫೋಟೋದಲ್ಲಿ ಮಕ್ಕಳಿದ್ದರೆ ಮನೆಯವರ ಒಪ್ಪಿಗೆ ಕೇಳಿಯೇ ಕೊಡಿ.

ಹಬ್ಬಗಳನ್ನು ಬಳಸಿಕೊಳ್ಳಿ, ನಮ್ಮ ಕಡೆ ಇದಕ್ಕಿಂತ ಒಳ್ಳೆಯ ನೆವ ಇಲ್ಲ. ಖಂಡೇನವಮಿಯ ದಿನ ವರ್ಕ್‌ಶಾಪುಗಳಲ್ಲಿ ಯಂತ್ರ ತೊಳೆದು ಪೂಜೆ ಮಾಡುತ್ತಾರೆ. ಮಕ್ಕಳು ರೋಬೋಟ್ ಹಿಡಿದು ಹೋದರು. ಕಾಕಾ ಲೇಥಿನ ಪಕ್ಕ ಅದನ್ನಿಟ್ಟು ಕುಂಕುಮ ಹಚ್ಚಿದರು, ಸೆನ್ಸರಿನ ಕಣ್ಣಿಗೆ ತಾಗದ ಹಾಗೆ ಜಾಗ ಕೇಳಿಕೊಂಡು. ಮರುದಿನ ದಸರೆಗೆ ಮಕ್ಕಳು ನಮ್ಮ ವಹಿಯಲ್ಲಿರುವ ಪ್ರತಿ ಮನೆಗೂ ಬನ್ನಿ ಕೊಟ್ಟು ಬಂದರು, ಬನ್ನಿ ತಗೊಂಡು ಬಂಗಾರದಂಗ ಇರೋಣ ಅಂತ. ಸೀಸನ್ನಿನ ನಟ್ಟನಡುವೆ ಬರುವ ಹಬ್ಬ ಅದು. ಎಲ್ಲರ ಮನೆಯಲ್ಲೂ “ರೋಬೋಟ್ ಎಲ್ಲಿಗೆ ಬಂತು?” ಎಂಬ ಮಾತು ಬರುತ್ತದೆ, ಆಗ ಇನ್ನೂ ಬೇಕಾದದ್ದನ್ನು ಕೇಳಲು ಮುಜುಗರ ಆಗುವುದಿಲ್ಲ.

ಹತ್ತನೇ ತರಗತಿ ಮುಗಿಸಿ ಮಕ್ಕಳು ಹೋಗಿಬಿಡುತ್ತಾರೆ. ನಂಟು ಅವರ ಜೊತೆಗೇ ಹೋಗದಂತೆ ಒಂದು ಗಟ್ಟಿ ರಟ್ಟಿನ ವಹಿ ಇಡಿ. ಒಬ್ಬೊಬ್ಬರಿಗೆ ಒಂದೊಂದು ಪುಟ: ಏನು ಕೊಟ್ಟರು, ಯಾವ ಹೊತ್ತಿಗೆ ಸಿಗುತ್ತಾರೆ, ಯಾವ ಭಾಷೆಯಲ್ಲಿ ಮಾತು, ಕೊನೆಯ ಸಲ ಯಾರು ಹೋಗಿದ್ದರು, ಏನು ಕೇಳಿದರು. ಲೈನ್‌ಮನ್ ಮಾಮಾನ ಪುಟದಲ್ಲಿ ‘ಮಧ್ಯಾಹ್ನ 2ರಿಂದ 4 ಮಲಗಿರುತ್ತಾರೆ’ ಎಂದಿದೆ. ಚಿಕ್ಕಮ್ಮನ ಪುಟದಲ್ಲಿ ‘ಮೂರನೇ ಮಗ್ಗದ ದೀಪ ಸಡಿಲ, ಬಂದು ಬಿಗಿ ಮಾಡಬೇಕು’ ಎಂದಿದೆ. ಮಾರ್ಚ್‌ನಲ್ಲಿ ಆ ವಹಿ ಎಂಟನೇ ತರಗತಿಯವರ ಕೈಗೆ ಹೋಗುತ್ತದೆ. ಅವರಿಗೆ ಮೊದಲ ಕೆಲಸ, ಹಿರಿಯರ ಜೊತೆ ಮೂರು ಮನೆಗೆ ಹೋಗಿ ಹೆಸರು ಹೇಳಿ ಬರುವುದು. ಆ ದಿನ ಏನನ್ನೂ ಕೇಳುವಂತಿಲ್ಲ. ಮೂರನೇ ಮಗ್ಗದ ದೀಪಕ್ಕೆ ಸ್ಕ್ರೂಡ್ರೈವರ್ ಮಾತ್ರ ತೆಗೆದುಕೊಂಡು ಹೋಗುತ್ತಾರೆ.